ಹೊಲದಲ್ಲಿ ಬಿದ್ದ ಗುಂಡಿಯ ಕೆಳಗೆ ಬೇಲಂನಂಥ ಗುಹೆ ಇದೆಯೇ?

ಪ್ರಶ್ನೆ: ನಮ್ಮದು ರೋಣ ತಾಲೂಕಿನ ಒಂದು ಹಳ್ಳಿ. ಊರಿನಿಂದ ಒಂದೂವರೆ ಕಿಲೋಮೀಟರ್ ದೂರದಲ್ಲಿ, ಹಳ್ಳದ ದಂಡೆಗೆ ಹತ್ತಿಕೊಂಡೇ ನಮ್ಮ ಎರೆ ಹೊಲವಿದೆ. ಈ ವರ್ಷದ ಮೊದಲ ದೊಡ್ಡ ಮಳೆಯ ಮರುದಿನ ಒಡ್ಡಿನ ಪಕ್ಕದಲ್ಲಿ ನೆಲ ಕುಸಿದು ಗುಂಡಿ ಬಿದ್ದಿದೆ. ಬಾಯಿ ಮೂರು ಅಡಿಯಷ್ಟಿದ್ದರೂ ಒಳಗೆ ಅಗಲವಾಗಿದೆ. ಏಳೆಂಟು ಅಡಿ ಆಳದಲ್ಲಿ ಬಿಲದಂಥ ದಾರಿಯೊಂದು ಹಳ್ಳದ ಕಡೆಗೆ ಹೋಗುತ್ತದೆ. ಹೋದ ವರ್ಷ ಮಕ್ಕಳೊಂದಿಗೆ ಬೇಲಂ ಗುಹೆ ನೋಡಿ ಬಂದಿದ್ದೆವು. ಅಲ್ಲಿಯೂ ಬಯಲು ಹೊಲಗಳ ನಡುವೆಯೇ ಬಾವಿಯಂಥ ಬಾಯಿ ತೆರೆದುಕೊಂಡಿದೆ. ನಮ್ಮ ಗುಂಡಿಯ ಗೋಡೆಯಲ್ಲಿ ಸಿಕ್ಕ ಬಿಳಿ ಹರಳುಗಳ ಮೇಲೆ ಪಿಯುಸಿ ಓದುವ ಮಗ ಆಸಿಡ್ ಹನಿಸಿ ನೋಡಿದಾಗ ನೊರೆ ಉಕ್ಕಿತು. ಸುಣ್ಣಕಲ್ಲೇ ಹೌದು ಎನ್ನುತ್ತಾನೆ. ಗೋಡೆಯಿಂದ ಬಿಳಿ ಕಡ್ಡಿಗಳೂ ಚಾಚಿಕೊಂಡಿವೆ. ಗಜೇಂದ್ರಗಡದ ಕಾಲಕಾಲೇಶ್ವರನ ಅಂತರಗಂಗೆ ಇದೇ ದಾರಿಯಲ್ಲಿ ನೆಲದೊಳಗೆ ಹರಿಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ತೆಂಗಿನಕಾಯಿ ಹಿಡಿದು ನೀರು ನೋಡುವವರೊಬ್ಬರು ಗುಂಡಿಯ ಪಕ್ಕದಲ್ಲೇ ಬೋರ್ ಕೊರೆಸಿದರೆ ಪಾತಾಳಗಂಗೆ ಸಿಗುತ್ತದೆ ಎಂದಿದ್ದಾರೆ. ಪಕ್ಕದ ಹೊಲದ ಬೋರ್‌ನಲ್ಲಿ 50 ಅಡಿಯ ನಂತರ ಬಿಳಿ–ಗುಲಾಬಿ ಬಣ್ಣದ, ಹೊಳೆಯುವ ಚೂರುಗಳಿದ್ದ ಪುಡಿ ಬಂದಿತ್ತು. ನಾವು ಗುಂಡಿಯನ್ನು ಮುಚ್ಚಬೇಕೇ, ಬೋರ್ ಹಾಕಿಸಬೇಕೇ, ಒಳಗೆ ಇಳಿದು ನೋಡಬೇಕೇ?

ಉತ್ತರ: ಮೊದಲಿಗೆ ತುರ್ತಿನ ಮಾತು. ಯಾರೂ ಒಳಗೆ ಇಳಿಯಬೇಡಿ, ಮಗನನ್ನಂತೂ ಇಳಿಯಲು ಬಿಡಲೇಬೇಡಿ. ಬಾಯಿ ಕಿರಿದಾಗಿ ಒಳಗೆ ಅಗಲವಾಗಿರುವ ಗುಂಡಿಯ ಅಂಚು ಕೆಳಗೆ ಆಸರೆಯಿಲ್ಲದೆ ನಿಂತಿರುತ್ತದೆ. ಒಬ್ಬ ಮನುಷ್ಯನ ಭಾರಕ್ಕೂ ಅದು ಕಳಚಿ ಬೀಳಬಹುದು. ಅಂಚಿನಿಂದ ಹತ್ತು ಹದಿನೈದು ಅಡಿ ದೂರದಲ್ಲಿ ಸುತ್ತಲೂ ಮುಳ್ಳಿನ ಬೇಲಿ ಹಾಕಿ, ಟ್ರ್ಯಾಕ್ಟರ್, ಎತ್ತು, ದನಕರುಗಳು ಆ ಕಡೆ ಸುಳಿಯದಂತೆ ನೋಡಿಕೊಳ್ಳಿ. ಇಷ್ಟನ್ನು ಇಂದೇ ಮಾಡಿ, ಉಳಿದದ್ದನ್ನು ನಿಧಾನವಾಗಿ ಯೋಚಿಸಬಹುದು.

ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳಿವೆ: ನೆಲ ಇನ್ನಷ್ಟು ಕುಸಿದೀತೆಂಬ ಆತಂಕ ಮತ್ತು ಕೆಳಗೆ ನೀರಿರಬಹುದೆಂಬ ಆಸೆ. ಎರಡೂ ಸಹಜವಾದವು. ಬೇಲಂನೊಂದಿಗೆ ನೀವು ಮಾಡಿರುವ ಹೋಲಿಕೆಯೂ ಗಮನವಿಟ್ಟು ನೋಡಿದವರು ಮಾಡುವಂಥದ್ದೇ. ಬೇಲಂ ಗುಹೆ ಬೆಟ್ಟದ ಬದಿಯಲ್ಲಿಲ್ಲ. ಆಂಧ್ರದ ಕೊಲಿಮಿಗುಂಡ್ಲದ ಬಳಿ ಸಮತಟ್ಟಾದ ಹೊಲಗಳ ನಡುವೆ ಬಾವಿಯಂಥ ಮೂರು ಕುಳಿಗಳಿದ್ದು, ನಡುವಿನದ್ದೇ ಪ್ರವೇಶದ್ವಾರ. ಹಾಗಾಗಿ ನಮ್ಮ ಹೊಲದ ಕುಳಿಯೂ ಅಂಥದ್ದೇ ಇರಬಹುದಲ್ಲ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕಾದರೆ ಬೇಲಂನಂಥ ಗುಹೆ ಹೇಗೆ ಆಗುತ್ತದೆ, ಅದು ಇರುವ ಕಣಿವೆಯ ನೆಲ ಹೇಗಿರುತ್ತದೆ ಎಂಬುದನ್ನು ಮೊದಲು ನೋಡಬೇಕಾಗುತ್ತದೆ.

ಮಳೆಹನಿ ಗಾಳಿಯಿಂದ ಸ್ವಲ್ಪ, ಮಣ್ಣಿನೊಳಗೆ ಬೇರುಗಳೂ ಸೂಕ್ಷ್ಮಜೀವಿಗಳೂ ಬಿಡುವ ಉಸಿರಿನಿಂದ ಬಹಳಷ್ಟು ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ದುರ್ಬಲ ಆಮ್ಲವಾಗುತ್ತದೆ. ಗ್ರಾನೈಟಿನ ಮೇಲೆ ಈ ಆಮ್ಲದ ಪ್ರಭಾವ ಅತ್ಯಲ್ಪ. ಸುಣ್ಣಕಲ್ಲಿನ ಮೇಲೆ ಹಾಗಲ್ಲ. ಕಲ್ಲೇ ಕರಗಿ ನೀರಿನೊಂದಿಗೆ ಹೋಗುತ್ತದೆ. ಮೇಲ್ಮೈ ಸಾವಿರ ವರ್ಷಕ್ಕೆ ಕೆಲವು ಸೆಂಟಿಮೀಟರ್ ಸವೆಯುವಷ್ಟು ನಿಧಾನದ ಕೆಲಸವಿದು. ಆದರೆ ನೀರು ಕಲ್ಲಿನ ಎಲ್ಲ ಕಡೆಯೂ ಸಮನಾಗಿ ಕೆಲಸ ಮಾಡುವುದಿಲ್ಲ. ಪದರಗಳ ನಡುವಿನ ಸಂದು, ನೆಟ್ಟಗೆ ಸೀಳಿದ ಬಿರುಕು, ಇಂಥ ದಾರಿಗಳಲ್ಲೇ ಅದು ನುಗ್ಗುತ್ತದೆ. ಅಗಲವಾದ ಬಿರುಕಿನಲ್ಲಿ ಹೆಚ್ಚು ನೀರು ಹರಿದು ಅದು ಇನ್ನಷ್ಟು ಅಗಲವಾಗುತ್ತದೆ, ಕಿರಿದಾದವು ಹಾಗೆಯೇ ಹಿಂದೆ ಉಳಿಯುತ್ತವೆ. ಕೊನೆಗೆ ಕೆಲವೇ ದೊಡ್ಡ ಸುರಂಗಗಳು ಇಡೀ ಪ್ರದೇಶದ ನೀರನ್ನು ಸಾಗಿಸತೊಡಗುತ್ತವೆ. ಬೇಲಂನ ಓಣಿಗಳು ನೇರವಾಗಿ ಸಾಗಿ ಥಟ್ಟನೆ ತಿರುಗುವುದನ್ನು ನೀವು ಕಂಡಿರಬಹುದು; ಅವು ಕಲ್ಲಿನ ಬಿರುಕುಗಳನ್ನೇ ಹಿಡಿದು ಹೋಗಿವೆ.

ಈಗ ಇಂಥ ಸುಣ್ಣಕಲ್ಲಿನ ಕಣಿವೆಯೊಂದನ್ನು ಮೇಲಿನಿಂದ ಕೆಳಕ್ಕೆ ನಡೆದು ನೋಡೋಣ. ಸ್ಲೊವೇನಿಯಾ ದೇಶದ ಶ್ಕೋತ್ಸಿಯಾನ್ ಇದಕ್ಕೆ ಅತ್ಯುತ್ತಮ ಉದಾಹರಣೆ. 1986ರಲ್ಲಿ ಯುನೆಸ್ಕೊ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿನ ರೇಕಾ ನದಿ ಕರಗದ ಕಲ್ಲಿನ ಮೇಲೆ ಎಲ್ಲ ನದಿಗಳಂತೆಯೇ ಹರಿದು ಬಂದು, ಸುಣ್ಣಕಲ್ಲಿನ ನೆಲ ಮುಟ್ಟಿದೊಡನೆ ಬಂಡೆಯ ಬಾಯಿಯೊಳಗೆ ನುಗ್ಗಿ ಮರೆಯಾಗುತ್ತದೆ. ನದಿ ಮುಳುಗುವ ಜಾಗದಲ್ಲಿ ಎರಡು ಭಾರಿ ಕುಳಿಗಳಿವೆ. ಒಂದು ಕಾಲಕ್ಕೆ ಅವು ಗುಹೆಯ ಕೋಣೆಗಳಾಗಿದ್ದು, ಮಾಳಿಗೆ ಕುಸಿದು ಬಿದ್ದ ಮೇಲೆ ಆಕಾಶಕ್ಕೆ ತೆರೆದುಕೊಂಡವು. ಅಲ್ಲಿಂದ ಮುಂದೆ ನೆಲದ ಮೇಲೆ ನದಿಯೇ ಇಲ್ಲ. 30 ಕಿಲೋಮೀಟರಿಗೂ ಹೆಚ್ಚು ದೂರ ನೆಲದೊಳಗೆ ಸಾಗಿದ ನೀರು ಇಟಲಿಯ ಸಮುದ್ರತೀರದ ಬಳಿ ಟಿಮಾವೊ ಬುಗ್ಗೆಗಳಾಗಿ ಮತ್ತೆ ಮೇಲೇಳುತ್ತದೆ.

ಜಗತ್ತಿನ ಬಹುತೇಕ ಸುಣ್ಣಕಲ್ಲಿನ ಕಣಿವೆಗಳಲ್ಲಿ ಇದೇ ಲಕ್ಷಣಗಳು ಕಾಣುತ್ತವೆ: ಹಳ್ಳ ಇದ್ದಕ್ಕಿದ್ದಂತೆ ಮುಳುಗುವ ಬಾಯಿ, ಅದರಾಚೆಗೆ ಮಳೆಗಾಲದಲ್ಲೂ ಒಣಗಿರುವ ಹಳ್ಳದ ಪಾತ್ರ, ಸಾಲಾಗಿ ಬಿದ್ದ ತಟ್ಟೆಯಾಕಾರದ ತಗ್ಗುಗಳು, ಮಣ್ಣು ತೊಳೆದುಹೋದಲ್ಲಿ ಗೀರು ಗೀರಾಗಿ ಕೊರೆದ ಬೋಳು ಬಂಡೆ, ಕಣಿವೆಯ ಬುಡದಲ್ಲಿ ವರ್ಷವಿಡೀ ಹರಿಯುವ ಬುಗ್ಗೆ. ಒಳಗಿನ ನದಿ ತನ್ನ ಪಾತ್ರವನ್ನು ಆಳಕ್ಕಿಳಿಸಿದಂತೆ ಹಳೆಯ ಸುರಂಗಗಳು ಒಣಗಿ ಮೇಲೆ ಉಳಿಯುತ್ತವೆ. ನಾವು ನಡೆದಾಡುವ ಪ್ರವಾಸಿ ಗುಹೆಗಳಲ್ಲಿ ಬಹಳಷ್ಟು ಇಂಥವು. ಬೇಲಂನಲ್ಲಿ ಈವರೆಗೆ ಅಳೆದಿರುವ ಉದ್ದ 3,229 ಮೀಟರ್. ಅದರ ಅತ್ಯಂತ ಆಳದ ಜಾಗವಾದ ಪಾತಾಳಗಂಗೆ ಪ್ರವೇಶದ್ವಾರದಿಂದ 46 ಮೀಟರ್ ಕೆಳಗಿದೆ. ಅಲ್ಲಿನ ಸಣ್ಣ ತೊರೆ ಇಂದಿಗೂ ಹರಿದು ಬಂಡೆಯೊಳಗೆ ಮರೆಯಾಗುತ್ತದೆ. ಈ ಗುಹೆಯನ್ನು 1884ರಲ್ಲಿ ದಾಖಲಿಸಿದ ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಅವರೇ ನಮ್ಮ ಧಾರವಾಡ, ಕಲಾದಗಿ ಸೀಮೆಯ ಕಲ್ಲುಗಳನ್ನೂ ಸಮೀಕ್ಷೆ ಮಾಡಿ, ಧಾರವಾಡದ ಹೆಸರನ್ನು ಒಂದು ಪ್ರಾಚೀನ ಶಿಲಾವರ್ಗಕ್ಕೆ ಇಟ್ಟವರು. 1982–83ರಲ್ಲಿ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ತಂಡ ಗುಹೆಯ ವಿವರವಾದ ನಕ್ಷೆ ಮಾಡಿತು.

ಈ ಲಕ್ಷಣಗಳನ್ನು ನಿಮ್ಮ ಸೀಮೆಯ ಪಕ್ಕದಲ್ಲಿಟ್ಟು ನೋಡಿ. ಬೆಣ್ಣಿಹಳ್ಳ ಮಳೆಗಾಲದಲ್ಲಿ ಏನು ಮಾಡುತ್ತದೆಂಬುದು ರೋಣ, ನವಲಗುಂದದ ಕಡೆಯವರಿಗೆ ನಾನು ಹೇಳಬೇಕಾಗಿಲ್ಲ. ನೀರು ನೆಲದ ಮೇಲೆಯೇ ಉಕ್ಕಿ, ಹೊಲಗಳನ್ನು ಮುಳುಗಿಸಿ, ಎರೆಮಣ್ಣನ್ನು ಹೊತ್ತು ಮೆಣಸಗಿಯ ಹತ್ತಿರ ಮಲಪ್ರಭೆಯನ್ನು ಸೇರುತ್ತದೆ. ಕೆಳಗೆ ದೊಡ್ಡ ಸುಣ್ಣಕಲ್ಲಿನ ಸುರಂಗಗಳಿದ್ದಿದ್ದರೆ ಆ ನೀರಿನ ಬಹುಪಾಲು ನೆಲದೊಳಗೆ ಇಳಿಯುತ್ತಿತ್ತು. ಹಳ್ಳಗಳು ಅಲ್ಲಲ್ಲಿ ಕಾಣೆಯಾಗುತ್ತಿದ್ದವು. ಹಳ್ಳ ಮೇಲೆ ಉಕ್ಕಿ ಹರಿಯುವುದೇ ಕೆಳಗಿನ ಕಲ್ಲು ಕರಗುವಂಥದ್ದಲ್ಲ ಎಂಬುದಕ್ಕೆ ಒಂದು ಸಾಕ್ಷಿ. ಎರಡನೆಯ ಸಾಕ್ಷಿಯನ್ನು ನೀವೇ ಬರೆದಿದ್ದೀರಿ. ಪಕ್ಕದ ಬೋರ್‌ನಿಂದ ಬಂದ ಬಿಳಿ–ಗುಲಾಬಿ ಪುಡಿ, ಹೊಳೆಯುವ ಚೂರು, ಇವು ಗ್ರಾನೈಟು ಅಥವಾ ಅದರ ಸಂಬಂಧಿಯಾದ ಪಟ್ಟೆಪಟ್ಟೆ ನೈಸ್ ಕಲ್ಲಿನ ಗುರುತು, ಹೊಳೆಯುವುದು ಕಾಗೆಬಂಗಾರ. ಆ ಪುಡಿ ಇನ್ನೂ ಬದುವಿನ ಮೇಲೆ ಬಿದ್ದಿದ್ದರೆ ತೊಳೆದು ಒಣಗಿಸಿ, ಕಾಲೇಜಿನ ಉಪನ್ಯಾಸಕರ ಎದುರಿನಲ್ಲಿ ಮಗ ಅದರ ಮೇಲೆ ಆಸಿಡ್ ಹನಿಸಿ ನೋಡಲಿ. ನೊರೆ ಬರುವುದಿಲ್ಲವೆಂಬುದು ನನ್ನ ನಿರೀಕ್ಷೆ. ಬಂಡೆ ಯಾವುದೆಂದು ಹೇಳಬಲ್ಲದ್ದು ಆ ಪುಡಿಯೇ, ಗುಂಡಿಯ ಗೋಡೆಯ ಹರಳಲ್ಲ.

ಹಾಗಾದರೆ ಹರಳಿಗೆ ನೊರೆ ಬಂದದ್ದೇಕೆ? ನಿಮ್ಮ ಮಗನ ಪರೀಕ್ಷೆ ಸರಿಯಾಗಿಯೇ ಇದೆ, ಅದರಿಂದ ತೆಗೆದ ತೀರ್ಮಾನ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಿದೆ. ನಮ್ಮಂಥ ಒಣಸೀಮೆಯ ಎರೆಭೂಮಿಯಲ್ಲಿ ಮಳೆನೀರು ಮಣ್ಣಿನೊಳಗಿನ ಸುಣ್ಣವನ್ನು ಕರಗಿಸಿ ಕೆಲವು ಅಡಿ ಕೆಳಗೆ ಒಯ್ಯುತ್ತದೆ. ಬೇಸಿಗೆಯಲ್ಲಿ ಆ ತೇವ ಆರಿದಾಗ ಸುಣ್ಣ ಅಲ್ಲಿಯೇ ಗಟ್ಟಿಯಾಗಿ ಹರಳುಗಟ್ಟುತ್ತದೆ. ರಾಸಾಯನಿಕವಾಗಿ ಅದೂ ಸುಣ್ಣಕಲ್ಲಿನ ವಸ್ತುವೇ ಆದ್ದರಿಂದ ಆಸಿಡ್ಡಿಗೆ ನೊರೆ ಕಕ್ಕುತ್ತದೆ. ಆದರೆ ಅದು ಮಣ್ಣಿನಲ್ಲೇ ಹುಟ್ಟಿದ ಹರಳು. ಅದರ ಕೆಳಗೆ ಸುಣ್ಣಕಲ್ಲಿನ ಬಂಡೆ ಇರಲೇಬೇಕೆಂದಿಲ್ಲ. ಗದಗ, ಧಾರವಾಡ ಜಿಲ್ಲೆಗಳ ಎರೆ ಹೊಲಗಳಲ್ಲಿ ಬಾವಿ ತೋಡಿದ ಎಷ್ಟೋ ಕಡೆ ಈ ಹರಳಿನ ಪದರ ಕಾಣುತ್ತದೆ.

ಬಿಳಿ ಕಡ್ಡಿಗಳ ವಿಷಯವೂ ಹೆಚ್ಚುಕಡಿಮೆ ಇದೇ. ಅವು ಸತ್ತ ಬೇರುಗಳ ಸುತ್ತ ಕಟ್ಟಿದ ಸುಣ್ಣವಾಗಿರಬೇಕು. ಗುಹೆಯ ಮಾಳಿಗೆಯಿಂದ ಇಳಿಯುವ ಸುಣ್ಣದ ಕೋಲು ಹನಿ ಬೀಳುವ ದಾರಿಯಲ್ಲೇ ಬೆಳೆಯುವುದರಿಂದ ಗೂಟ ಇಳಿಬಿಟ್ಟಂತೆ ನೆಟ್ಟಗಿರುತ್ತದೆ. ಬೇರಿನ ಸುಣ್ಣ ಬೇರು ಹೋದತ್ತ ಹೋಗುತ್ತದೆ: ಓರೆಯಾಗಿ, ಅಡ್ಡಡ್ಡಲಾಗಿ, ಕವಲೊಡೆದು. ನೀವೇ 'ಗೋಡೆಯಿಂದ ಚಾಚಿಕೊಂಡಿವೆ' ಎಂದು ಬರೆದಿರುವುದರಿಂದ ನನಗೆ ಇದರಲ್ಲಿ ಹೆಚ್ಚು ಅನುಮಾನವಿಲ್ಲ. ಅಲ್ಲದೆ ನಿಜವಾದ ಸುಣ್ಣದ ಕೋಲು ಸಾಮಾನ್ಯವಾಗಿ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೆಯ ಭಾಗದಷ್ಟು ಮಾತ್ರ ಬೆಳೆಯುತ್ತದೆ. ಮೇಘಾಲಯದ ಮಾವ್ಮ್ಲುಹ್ ಗುಹೆಯಲ್ಲಿ ನೆಲದಿಂದ ಮೇಲೆದ್ದ ಇಂಥದೊಂದು ಕೋಲಿನ ಪದರಗಳಲ್ಲಿ 4,200 ವರ್ಷಗಳ ಹಿಂದಿನ ಭಾರಿ ಬರಗಾಲದ ಗುರುತು ಸಿಕ್ಕಿ, ಅದರ ಆಧಾರದ ಮೇಲೆ 2018ರಲ್ಲಿ ಭೂಮಿಯ ಇತ್ತೀಚಿನ ಕಾಲಘಟ್ಟಕ್ಕೆ 'ಮೇಘಾಲಯನ್' ಎಂದು ಹೆಸರಿಟ್ಟರು. ಬೇಲಂಗೋ ಆಂಧ್ರದ್ದೇ ಆದ ಬೊರ್ರಾ ಗುಹೆಗೋ ಮತ್ತೆ ಹೋದಾಗ ಮಕ್ಕಳಿಗೆ ಇದನ್ನು ಹೇಳಿ. ಒಂದು ತುಂಡು ಮುರಿದರೆ ಸಾವಿರಾರು ವರ್ಷಗಳ ಮಳೆಯ ಲೆಕ್ಕವೇ ಮುರಿದಂತೆ ಎಂಬುದು ಅವರಿಗೆ ಅರ್ಥವಾಗುತ್ತದೆ.

ನಮ್ಮ ಭಾಗದಲ್ಲಿ ಸುಣ್ಣಕಲ್ಲು ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಉತ್ತರಕ್ಕೆ ಬಾಗಲಕೋಟೆ, ಲೋಕಾಪುರದ ಕಡೆ ಸುಣ್ಣಕಲ್ಲೂ ಡೋಲೊಮೈಟೂ ಇವೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ ಫರಸಿಯೂ ಭೀಮಾ ತೀರದ ಸುಣ್ಣಕಲ್ಲೇ. ಪಶ್ಚಿಮಕ್ಕೆ ದಾಂಡೇಲಿ ಕಾಡಿನ ಕವಳಾ ಗುಹೆಯಲ್ಲಿ ಜನ ಪೂಜಿಸುವ ಶಿವಲಿಂಗ ಹನಿನೀರಿನ ಸುಣ್ಣದಿಂದ ಬೆಳೆದದ್ದು. ಯಾಣದ 120 ಮೀಟರ್ ಎತ್ತರದ ಭೈರವೇಶ್ವರ ಶಿಖರವೂ ಸುಣ್ಣಕಲ್ಲು. ಆದರೆ ಬಾದಾಮಿಯ ಗುಹೆಗಳನ್ನು ಈ ಪಟ್ಟಿಗೆ ಸೇರಿಸಬಾರದು. ಅವು ಮರಳುಗಲ್ಲಿನಲ್ಲಿ ಚಾಲುಕ್ಯರ ಕಾಲದ ಶಿಲ್ಪಿಗಳು ಉಳಿಯಿಂದ ಕೊರೆದವು. ಮೂರನೆಯ ಗುಹೆಯಲ್ಲಿ ಕ್ರಿ.ಶ. 578ರ ಶಾಸನವೇ ಇದೆ.

ಅಂತರಗಂಗೆಯ ವಿಷಯಕ್ಕೆ ಬರೋಣ. ಬೇಸಿಗೆಯಲ್ಲೂ ಬತ್ತದೆ ಬೀಳುವ ಆ ನೀರನ್ನು ಹಿರಿಯರು ಪವಿತ್ರವೆಂದು ಕಾಯ್ದುಕೊಂಡು ಬಂದಿದ್ದಾರೆ, ಅದು ಹಾಗೆಯೇ ಉಳಿಯಬೇಕು. ಆದರೆ ಅದು ದೂರದಿಂದ ಬಂದ ಪಾತಾಳದ ನದಿಯಲ್ಲ. ಗಜೇಂದ್ರಗಡದ ಗುಡ್ಡ ಮರಳುಗಲ್ಲು, ಬೆಣಚುಗಲ್ಲಿನದು. ಗುಡ್ಡದ ನೆತ್ತಿಯ ಮೇಲೆ ಬಿದ್ದ ಮಳೆ ಬಂಡೆಯ ಸೀಳುಗಳಲ್ಲಿ ಇಳಿದು, ತಿಂಗಳುಗಟ್ಟಲೆ ನಿಧಾನವಾಗಿ ಸಾಗಿ, ಕೆಳಗೆ ದಾರಿ ಸಿಗದ ಕಡೆ ಬಂಡೆಯ ಬದಿಯಿಂದ ಹೊರಬರುತ್ತದೆ. ಅದಕ್ಕೆ ನೀರು ಕೊಡುವುದು ಆ ಗುಡ್ಡವೇ. ಆದ್ದರಿಂದ ಅಂತರಗಂಗೆ ಉಳಿಯಬೇಕೆನ್ನುವವರು ಗುಡ್ಡದ ಮೇಲಿನ ಗಿಡಮರಗಳನ್ನು ಉಳಿಸಿಕೊಳ್ಳಬೇಕು. ನಿಮ್ಮ ಹೊಲದ ಬಿಲಕ್ಕೂ ಆ ನೀರಿಗೂ ಸಂಬಂಧವಿಲ್ಲ.

ಇನ್ನು ನಿಮ್ಮ ಗುಂಡಿಯನ್ನು ಮಾಡಿದ್ದೇನು? ಮಾಡಿದ್ದು ನೀರೇ, ಆದರೆ ಅದು ಕಲ್ಲನ್ನು ಕರಗಿಸಲಿಲ್ಲ, ಮಣ್ಣನ್ನು ಹೊತ್ತುಕೊಂಡು ಹೋಯಿತು. ಎರೆಮಣ್ಣು ಬೇಸಿಗೆಯಲ್ಲಿ ಕುಗ್ಗಿ ಮೊಳಕೈ ಇಳಿಯುವಷ್ಟು, ಕೆಲವೊಮ್ಮೆ ಅದಕ್ಕೂ ಆಳವಾಗಿ ಬಿರಿಯುತ್ತದೆ. ಮೊದಲ ದೊಡ್ಡ ಮಳೆಯಲ್ಲಿ, ಮಣ್ಣು ಹಿಗ್ಗಿ ಬಿರುಕು ಮುಚ್ಚಿಕೊಳ್ಳುವ ಮೊದಲೇ, ಒಡ್ಡಿನ ಹಿಂದೆ ನಿಂತ ನೀರು ಆ ಬಿರುಕುಗಳಲ್ಲಿ ನುಗ್ಗುತ್ತದೆ. ಪಕ್ಕದಲ್ಲೇ ಕಡಿದಾದ ಹಳ್ಳದ ದಂಡೆ ಇದ್ದರೆ ನೀರು ಹೊರಬೀಳಲು ಬಾಯಿ ಸಿಕ್ಕಂತಾಯಿತು. ಬಿರುಕಿನಿಂದ ಬಿರುಕಿಗೆ ಹಾದು ದಂಡೆಯಲ್ಲಿ ಹೊರಬಿದ್ದ ನೀರು ಹೋಗುವಾಗ ಮಣ್ಣನ್ನೂ ಕೊಂಡೊಯ್ಯುತ್ತದೆ. ವರ್ಷದಿಂದ ವರ್ಷಕ್ಕೆ ಆ ದಾರಿ ಕೊಳವೆಯಾಗುತ್ತದೆ. ಒಂದು ಮಳೆಗೆ ಅದರ ಮಾಳಿಗೆ ಕುಸಿದಾಗ ನಿಮಗೆ ಗುಂಡಿ ಕಾಣುತ್ತದೆ. ಒಡ್ಡಿನ ಪಕ್ಕ, ಮೊದಲ ಮಳೆಯ ಮರುದಿನ, ಹಳ್ಳದ ಕಡೆಗೆ ಹೋಗುವ ಬಿಲ, ಈ ಮೂರೂ ಕೂಡಿದ ಗುಂಡಿಗಳನ್ನು ನಾನು ನೋಡಿದಾಗಲೆಲ್ಲ ಕಾರಣ ಇದೇ ಆಗಿತ್ತು. ಹಳ್ಳಕ್ಕೆ ಇಳಿದು ದಂಡೆಯನ್ನು ದೂರದಿಂದ ಗಮನಿಸಿ. ಗುಂಡಿಯ ನೇರಕ್ಕೆ ಒಂದು ತೂತು, ಅದರ ಕೆಳಗೆ ಹೊಸದಾಗಿ ಹರಡಿದ ಎರೆಮಣ್ಣಿನ ರಾಶಿ ಇರಬಹುದು.

ಮಣ್ಣಿನಲ್ಲಿ ಸೋಡಿಯಂ ಹೆಚ್ಚಿದ್ದರೆ ಈ ಕೊರೆತ ಬಹಳ ಬೇಗ ಆಗುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಗಾಜಿನ ಲೋಟದಲ್ಲಿ ಶುದ್ಧ ಮಳೆನೀರು ತೆಗೆದುಕೊಂಡು, ಗುಂಡಿಯ ನಾಲ್ಕೈದು ಅಡಿ ಆಳದ ಮಣ್ಣಿನ ಕಡಲೆಕಾಳಿನಷ್ಟು ಹೆಂಟೆಯೊಂದನ್ನು, ಮಗುಚಿ ಬಿದ್ದ ಮಣ್ಣಿನಿಂದಲೇ ಆರಿಸಿ, ಮೆಲ್ಲಗೆ ಬಿಟ್ಟು ಅಲುಗಾಡಿಸದೆ ಒಂದು ತಾಸು ನೋಡಿ. ಹೆಂಟೆ ಬರೀ ಉದುರಿ ಕುಳಿತರೆ ಚಿಂತೆ ಕಡಿಮೆ. ಅದರ ಸುತ್ತ ಮೋಡದಂತೆ ಕಲಕು ಹರಡಿ ನೀರು ತಿಳಿಯಾಗದಿದ್ದರೆ ಆ ಮಣ್ಣು ತಾನಾಗಿಯೇ ನೀರಿನಲ್ಲಿ ಬಿಟ್ಟುಕೊಳ್ಳುವಂಥದ್ದು. ಬೋರ್ ನೀರನ್ನು ಬಳಸಬೇಡಿ. ಅದರಲ್ಲಿನ ಉಪ್ಪು ಫಲಿತಾಂಶವನ್ನು ಕೆಡಿಸುತ್ತದೆ. ಖಚಿತವಾದ ಮಣ್ಣುಪರೀಕ್ಷೆಯನ್ನು ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಲ್ಲೋ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲೋ ಮಾಡಿಸಬಹುದು.

ಇನ್ನೊಂದು ಸಾಧ್ಯತೆಯನ್ನು ಬಿಡುವಂತಿಲ್ಲ. ನಮ್ಮ ಹಿರಿಯರು ಜೋಳ ಕೂಡಿಡುತ್ತಿದ್ದ ಹಗೇವುಗಳು ಬಾಯಿ ಕಿರಿದಾಗಿ, ಹೊಟ್ಟೆ ಅಗಲವಾಗಿರುತ್ತವೆ. ನಿಮ್ಮ ವಿವರಣೆಗೂ ಅದು ಹೊಂದುತ್ತದೆ. ನರಗುಂದ ಪಟ್ಟಣದಲ್ಲಿ ಇತ್ತೀಚಿನ ವರ್ಷಗಳಲ್ಲಿ ಮಳೆಗಾಲಕ್ಕೆ ಬೀದಿ, ಮನೆಗಳ ನೆಲ ಕುಸಿದಾಗ ಹಳೆಯ ಹಗೇವುಗಳ ಮಾತು ಬಂದದ್ದು ನಿಮಗೆ ನೆನಪಿರಬಹುದು. ಹಗೇವುಗಳು ಸಾಮಾನ್ಯವಾಗಿ ಊರೊಳಗೆ ಇಲ್ಲವೆ ಕಣದ ಹತ್ತಿರ ಇರುತ್ತವೆ, ನಿಮ್ಮ ಹೊಲ ಊರಿನಿಂದ ದೂರವಿದೆ. ಆದರೂ ಆ ಜಾಗ ಒಂದು ಕಾಲಕ್ಕೆ ಹಾಳೂರಾಗಿತ್ತೇ ಎಂದು ಹಿರಿಯರನ್ನು ಕೇಳಿ. ಬೂದಿಮಣ್ಣು, ಗಡಿಗೆಯ ಚೂರುಗಳು ಸಿಗುತ್ತವೆಯೇ ನೋಡಿ. ಹಗೇವೇ ಆಗಿದ್ದರೆ ಒಳಗೆ ಇಳಿಯುವುದು ಇನ್ನೂ ಅಪಾಯ. ಮುಚ್ಚಿದ ಹಗೇವಿನಲ್ಲಿ ಆಮ್ಲಜನಕ ಇಳಿದು, ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ನಿಂತಿರುತ್ತದೆ; ಇಳಿದವರನ್ನು ಎತ್ತಲು ಹೋದವರೂ ಪ್ರಾಣ ಕಳೆದುಕೊಳ್ಳುತ್ತಾರೆ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿಯನ್ನು ನಂಬಿ ಇಳಿಯಬಾರದು. ಉರಿಯುವ ದೀಪ ಆಮ್ಲಜನಕ ಸ್ವಲ್ಪ ಇದೆ ಎಂದಷ್ಟೇ ಹೇಳುತ್ತದೆ, ಗಾಳಿ ಉಸಿರಾಟಕ್ಕೆ ಯೋಗ್ಯವೆಂದು ಹೇಳುವುದಿಲ್ಲ.

ಈಗ ಬೋರಿನ ಪ್ರಶ್ನೆ. ಗುಂಡಿಯನ್ನು ನೋಡಿ ಅಲ್ಲಿ ಬೋರ್ ಹಾಕಿಸಬೇಡಿ. ನಿಜವಾದ ಸುಣ್ಣಕಲ್ಲಿನ ಕಣಿವೆಯಲ್ಲೇ ಸುರಂಗದಿಂದ ಕೆಲವು ಅಡಿ ಆಚೆ ಕೊರೆದರೆ ಒಣ ಬಂಡೆ ಸಿಗುವುದುಂಟು. ನಿಮ್ಮಲ್ಲಂತೂ ನೀರಿರುವುದು ಶಿಥಿಲವಾದ ಗರಸಿನ ಪದರದಲ್ಲಿ ಮತ್ತು ಗಟ್ಟಿಕಲ್ಲಿನ ಬಿರುಕುಗಳಲ್ಲಿ. ಮೇಲಿನ ಎಂಟು ಅಡಿ ಮಣ್ಣಿನ ಕೊಳವೆ ಅದರ ಬಗ್ಗೆ ಏನನ್ನೂ ತಿಳಿಸುವುದಿಲ್ಲ. ತೆಂಗಿನಕಾಯಿ ಹಿಡಿದು ನೋಡುವ ವಿಧಾನಕ್ಕೆ ವೈಜ್ಞಾನಿಕ ಆಧಾರವಿಲ್ಲ. ಸಾಲ ಮಾಡಿ ಕೊರೆಸಿದ ಬೋರ್ ಬತ್ತಿ ಹೋದ ಮನೆಗಳನ್ನು ಕಂಡಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಬೋರ್ ಬೇಕೇಬೇಕೆಂದಿದ್ದರೆ ಅರ್ಹ ಭೂವಿಜ್ಞಾನಿಯಿಂದ ವಿದ್ಯುತ್ ರೋಧ ಸಮೀಕ್ಷೆ (ನೆಲಕ್ಕೆ ವಿದ್ಯುತ್ ಹಾಯಿಸಿ ಒಳಪದರಗಳನ್ನು ಅಂದಾಜಿಸುವ ವಿಧಾನ) ಮಾಡಿಸಿ. ಅದೂ ನೀರಿನ ಖಾತರಿ ಕೊಡುವುದಿಲ್ಲ, ಸಾಧ್ಯತೆಯನ್ನು ಹೆಚ್ಚಿಸುತ್ತದೆ ಅಷ್ಟೆ. ಗುಂಡಿಯನ್ನೇ ಇಂಗುಗುಂಡಿಯಾಗಿ ಬಳಸಿ ಎಂಬ ಸಲಹೆಯೂ ನಿಮಗೆ ಬರಬಹುದು. ಹಾಗೆ ಮಾಡಿದರೆ ನೀರು ಇಂಗುವುದಿಲ್ಲ. ಕೊಳವೆಯ ಮೂಲಕ ಹಳ್ಳಕ್ಕೆ ಹೋಗಿ, ಹೋಗುವಾಗ ನಿಮ್ಮ ಮಣ್ಣನ್ನೂ ಒಯ್ಯುತ್ತದೆ.

ಹಾಗೆಯೇ ಬಿಟ್ಟರೆ ಪ್ರತಿ ಮಳೆಗೂ ಗುಂಡಿ ಹೊಲದ ಒಳಕ್ಕೆ ಬೆಳೆಯುತ್ತ ಕೊನೆಗೆ ಅದೇ ಒಂದು ಸಣ್ಣ ಹಳ್ಳವಾಗುತ್ತದೆ. ಬರೀ ಮಣ್ಣು ಸುರಿದು ಮುಚ್ಚಿದರೆ, ಕೆಳಗಿನ ಕೊಳವೆ ಹಾಗೆಯೇ ಇರುವುದರಿಂದ, ಮುಂದಿನ ವರ್ಷ ಅದೇ ಜಾಗದಲ್ಲೋ ಪಕ್ಕದಲ್ಲೋ ಮತ್ತೆ ಕುಸಿಯುತ್ತದೆ. ದೊಡ್ಡ ಕಲ್ಲು ತುಂಬಿಸುವ ಸಲಹೆಯನ್ನು ಹಲವರು ಕೊಡುತ್ತಾರೆ. ಸುಣ್ಣಕಲ್ಲಿನ ನಾಡಿನ ಕುಳಿಗೆ ಅದು ಸರಿ. ಅಲ್ಲಿ ತಳಕ್ಕೆ ದೊಡ್ಡ ಕಲ್ಲು, ಅದರ ಮೇಲೆ ಸಣ್ಣ ಕಲ್ಲು, ನಂತರ ಉಸುಕು ಹಾಕಿ, ನೀರನ್ನು ಕೆಳಗೆ ಹೋಗಲು ಬಿಟ್ಟು ಮಣ್ಣನ್ನು ಮಾತ್ರ ತಡೆಯುತ್ತಾರೆ. ನಿಮ್ಮಲ್ಲಿ ನೀರೇ ಆ ದಾರಿಯಲ್ಲಿ ಹೋಗಬಾರದು, ಆದ್ದರಿಂದ ಗುಂಡಿಯೊಳಗೆ ಕಲ್ಲು ತುಂಬಿದರೆ ಸಂದುಗಳಲ್ಲಿ ನೀರು ಮೊದಲಿಗಿಂತ ಸುಲಭವಾಗಿ ಹರಿಯುತ್ತದೆ.

ನಾನು ಸೂಚಿಸುವ ದಾರಿ ಹೀಗಿದೆ. ಮೊದಲು ಒಡ್ಡಿನ ಹಿಂದೆ ನಿಲ್ಲುವ ನೀರನ್ನು ಬೇರೆ ಕಡೆಯಿಂದ ಕಲ್ಲಿನ ಕೋಡಿ ಕಟ್ಟಿ ಹಳ್ಳಕ್ಕೆ ಬಿಡಿ. ಇದಿಲ್ಲದೆ ಉಳಿದ ಕೆಲಸ ನಿಲ್ಲುವುದಿಲ್ಲ. ಆಮೇಲೆ ಜೆಸಿಬಿಯನ್ನು ಗಟ್ಟಿ ನೆಲದ ಮೇಲೆ ದೂರದಲ್ಲಿ ನಿಲ್ಲಿಸಿ, ಮೇಲಿನಿಂದ ಮೆಟ್ಟಿಲು ಮೆಟ್ಟಿಲಾಗಿ ಅಗೆಸಿ, ಗುಂಡಿಯನ್ನೂ ಕೊಳವೆ ಹೋದಷ್ಟು ದೂರವನ್ನೂ ಬಯಲು ಮಾಡಿಸಿ. ಆ ಕೆಲಸ ನಡೆಯುವಾಗ ಯಾರೂ ಅಗೆತದೊಳಗೆ ನಿಲ್ಲಬಾರದು. ಅದೇ ಮಣ್ಣನ್ನು ಅರ್ಧ ಅಡಿಯ ಪದರಗಳಲ್ಲಿ ತುಂಬಿ ಒಂದೊಂದನ್ನೂ ಗಟ್ಟಿಯಾಗಿ ಒತ್ತಿಸಿ. ಮಣ್ಣುಪರೀಕ್ಷೆಯಲ್ಲಿ ಸೋಡಿಯಂ ಹೆಚ್ಚೆಂದು ಬಂದರೆ ಅವರು ಹೇಳಿದ ಪ್ರಮಾಣದ ಜಿಪ್ಸಂ ಬೆರೆಸಿ. ಅದು ಕಣಗಳನ್ನು ಹಿಡಿದಿಡುತ್ತದೆ. ಹಳ್ಳದ ದಂಡೆಯಲ್ಲಿ ಕೊಳವೆ ಹೊರಬೀಳುವ ಬಾಯಿಗೆ ಮಾತ್ರ ಉಸುಕು, ಜಲ್ಲಿ, ದಪ್ಪ ಕಲ್ಲು ಈ ಕ್ರಮದಲ್ಲಿ ಒಳಗಿನಿಂದ ಹೊರಕ್ಕೆ ಹೊದಿಸಿದರೆ, ಜಿನುಗುವ ನೀರು ಮಣ್ಣನ್ನು ಬಿಟ್ಟು ಹೊರಬರುತ್ತದೆ. ಮೇಲೆ ನೆಲವನ್ನು ಸ್ವಲ್ಪ ಉಬ್ಬಾಗಿ ಬಿಟ್ಟು ಹುಲ್ಲು ಬೆಳೆಸಿ. ಎರಡು ವರ್ಷವಾದರೂ ಅಲ್ಲಿ ಆಳವಾಗಿ ಉಳಬೇಡಿ. ಖರ್ಚು ಕಡಿಮೆಯಲ್ಲ, ಆದರೆ ಒಂದು ವಿಫಲ ಬೋರಿಗಿಂತ ಕಡಿಮೆಯೇ ಆಗಬಹುದು.

ಈ ಕೆಲಸಕ್ಕೆ ಮಣ್ಣಿನ ಹದ ಮುಖ್ಯ. ಬೇಸಿಗೆಯ ಒಣ ಹೆಂಟೆಗಳು ಒತ್ತಿದರೂ ಒಂದಾಗುವುದಿಲ್ಲ, ಮಳೆಯ ರಾಡಿಯಲ್ಲಿ ಯಂತ್ರವೇ ಇಳಿಯುವುದಿಲ್ಲ. ಮಳೆ ಬಿಡುವು ಕೊಟ್ಟು, ಮಣ್ಣು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ ಕೈಗೆ ಅಂಟದಿರುವ ದಿನಗಳಲ್ಲಿ, ಹಿಂಗಾರಿ ಬಿತ್ತನೆಗೆ ಮುಂಚೆ ಮಾಡಿಸಿ. ಅಗೆಯುವಾಗ ಹತ್ತು ಹನ್ನೆರಡು ಅಡಿಯಲ್ಲಿ ಗರಸು ಬರದೆ ಬೂದುಬಣ್ಣದ, ಪದರಪದರದ ಗಟ್ಟಿ ಬಂಡೆ ಸಿಕ್ಕು ಅದಕ್ಕೂ ಆಸಿಡ್ಡಿನಲ್ಲಿ ನೊರೆ ಬಂದರೆ ಕೆಲಸವನ್ನು ಅಲ್ಲಿಗೇ ನಿಲ್ಲಿಸಿ, ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ ತಿಳಿಸಿ. ಆಗ ನನ್ನ ಈ ಅಭಿಪ್ರಾಯವನ್ನು ಬದಿಗಿಟ್ಟು ಸ್ಥಳವನ್ನೇ ನೋಡಿ ತೀರ್ಮಾನಿಸಬೇಕಾಗುತ್ತದೆ.